ಅಜ್ಜನ ವಯಸ್ಸು

ಅಜ್ಜ ಹೋದ ಸುದ್ದಿ ಬೀದಿಗೆ ತಿಳಿದದ್ದು ಒಂದು ಮಂಗಳವಾರ ಬೆಳಿಗ್ಗೆ. ಚಾಳೀಸಿನವರು ಹಲ್ಲುಜ್ಜುತ್ತಿದ್ದವರು ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ, "ಅಯ್ಯೋ, ಅಜ್ಜ ಹೋಗ್ಬಿಟ್ಟನಲ್ಲೇ!" ಎಂದು ಕೂಗಿಕೊಂಡರು. ಬಾಯ್ತುಂಬ ನೊರೆ ಇದ್ದುದರಿಂದ ಆ ಕೂಗಿಗೆ ಎಲ್ಲಿಲ್ಲದ ದುಃಖ ಬಂದುಬಿಟ್ಟಿತು. ಮಹಡಿಯ ಮೇಲಿನ ಮನೆಯಲ್ಲಿ ಚಹಾ ಕುಡಿಯುತ್ತಿದ್ದ ಹಾಜರಿ ಮೇಷ್ಟ್ರು ಲೋಟವನ್ನು ಅಲ್ಲೇ ಕೆಳಗಿಟ್ಟು ಎದ್ದು ನಿಂತರು.

ಹೋದದ್ದು ಮನುಷ್ಯನಲ್ಲ, ಒಂದು ಕ್ರೆಡಿಟ್ ಕಾರ್ಡು. ಆದರೆ ಅದನ್ನು ಮೇಷ್ಟ್ರಿಗೆ ಹೇಳುವವರು ಆ ಗಳಿಗೆಯಲ್ಲಿ ಯಾರೂ ಇರಲಿಲ್ಲ.

ಚಾಳೀಸಿನವರದು ಕನ್ನಡಕದ ಅಂಗಡಿ. ನಲವತ್ತು ದಾಟಿದವರ ಕಣ್ಣಿಗೆ ಚಾಳೀಸು ಹಾಕುವ ಕಸುಬು ಅಪ್ಪನಿಂದ ಬಂದದ್ದು. ಅಡ್ಡಹೆಸರೂ ಅದರ ಜೊತೆಗೇ ಬಂದದ್ದು. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಉರಿಬಿಸಿಲಿನ ಮಧ್ಯಾಹ್ನ ಬ್ಯಾಂಕಿನ ಹುಡುಗನೊಬ್ಬ ಅರ್ಜಿಗಳ ಕಟ್ಟು ಹಿಡಿದು ಅಂಗಡಿಗೆ ಬಂದಿದ್ದ. ಬೀದಿಯಲ್ಲಿ ಯಾರೂ ಅವನಿಗೊಂದು ಸಹಿ ಕೊಟ್ಟಿರಲಿಲ್ಲ. ಅಪ್ಪ ಅವನನ್ನು ತಮ್ಮ ಸ್ಟೂಲಿನ ಮೇಲೆ ಕೂರಿಸಿ, ನೀರು ಕೊಟ್ಟು, ಮಗನ ಕಡೆ ತಿರುಗಿ ಹೇಳಿದ್ದರು:

"ಪಾಪ, ಒಂದು ಸಹಿ ಹಾಕೋ. ಕಾರ್ಡು ಬಂದ್ರೆ ಉಪಯೋಗಿಸ್ಬೇಡ, ಬಿಸಾಕ್ಲೂಬೇಡ. ಇರ್ಲಿ."

ಕಾರ್ಡು ಬಂತು. ಅಪ್ಪನ ಹಳೆಯ ಕನ್ನಡಕದ ಡಬ್ಬಿಯೊಳಗೆ ಮಲಗಿತು. ಅದರಿಂದ ಯಾರೂ ಒಂದು ಗುಂಡುಸೂಜಿಯನ್ನೂ ಕೊಳ್ಳಲಿಲ್ಲ. ವರ್ಷಕ್ಕೊಮ್ಮೆ ಮಾತ್ರ ಅದು ತನ್ನ ಶುಲ್ಕ ಕೇಳುತ್ತಿತ್ತು, ಕೊಡುತ್ತಿದ್ದರು. ಆಗ ಚಿಕ್ಕವಳಾಗಿದ್ದ ಮಗಳು ಒಂದು ದಿನ, "ಇದೂ ಅಜ್ಜನ ಥರಾನೇ ಅಲ್ವಾ? ಸುಮ್ನೆ ಕೂತಿರುತ್ತೆ, ಟೈಮಿಗೆ ಸರಿಯಾಗಿ ಊಟ ಕೇಳುತ್ತೆ" ಎಂದುಬಿಟ್ಟಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಪ್ಪನೇ. ಅಂದಿನಿಂದ ಕಾರ್ಡಿಗೆ ಅಜ್ಜ ಎಂದೇ ಹೆಸರು. ನಾಲ್ಕು ವರ್ಷದ ಹಿಂದೆ ಬಂದ ಇನ್ನೊಂದು ಕಾರ್ಡು ಮೊಮ್ಮಗ. ಮನೆಯ ಓಡಾಟವೆಲ್ಲ ಅದರದೇ. ನಿಜವಾದ ಅಜ್ಜ ತೀರಿಕೊಂಡು ಮೂರು ವರ್ಷವಾಗಿತ್ತು. ಮಗಳು ದೂರದಲ್ಲಿ ತನ್ನ ಸಂಸಾರ ಮಾಡಿಕೊಂಡಿದ್ದಳು. ಡಬ್ಬಿಯೊಳಗಿನ ಅಜ್ಜ ಮಾತ್ರ ಇದ್ದಲ್ಲೇ ಇದ್ದ.

ಹೋದ ವಾರ ಶುಲ್ಕದ ಸಂದೇಶ ಬಂದಾಗ ಚಾಳೀಸಿನವರಿಗೆ ಯಾಕೋ ರೇಗಿತು. ಬ್ಯಾಂಕಿಗೆ ಫೋನು ಮಾಡಿ ಖಾತೆ ಮುಚ್ಚಿಸಿದರು. ಕಾರ್ಡನ್ನು ಕತ್ತರಿಯಿಂದ ಎರಡು ಹೋಳು ಮಾಡಿ, ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಮೇಜಿನ ಕಾಲ ಕೆಳಗೆ ತುರುಕಿದರು. ಬಹಳ ದಿನದಿಂದ ಕುಂಟುತ್ತಿದ್ದ ಮೇಜು ನೆಟ್ಟಗೆ ನಿಂತಿತು. 'ಕೊನೆಗೂ ಒಂದು ಕೆಲಸಕ್ಕೆ ಬಂತು' ಎಂದು ಅವರು ಕೈ ಕೊಡವಿಕೊಂಡಿದ್ದರು.

ಮಂಗಳವಾರ ಬೆಳಿಗ್ಗೆ ಮಡದಿ ಫೋನು ಕೆಳಗಿಡುತ್ತ ಹೇಳಿದ್ದು ಇಷ್ಟೇ:

"ರೀ, ಬ್ಯಾಂಕಿಂದ ಸಾಲದ ಮೇಡಂ ಫೋನ್ ಮಾಡಿದ್ರು. ಸಾಯಂಕಾಲ ನಾಲ್ಕಕ್ಕೆ ಬರ್ಬೇಕಂತೆ. ಸಾಲ ಕೊಡೋಕೆ ನೋಡೋ ಸ್ಕೋರು ನಿಮ್ಮದು ಬಹಳ ಚೆನ್ನಾಗಿದೆಯಂತೆ. ಇಪ್ಪತ್ತೆರಡು ವರ್ಷದ ಹಳೇ ಕಾರ್ಡು ಒಂದಿದೆಯಲ್ಲ, ಅದೇ ನಿಮ್ಮ ಯಜಮಾನ್ರ ಬಲ ಅಂದ್ರು."

ಆಗಲೇ ಚಾಳೀಸಿನವರು ನೊರೆಬಾಯಲ್ಲಿ ಕೂಗಿಕೊಂಡದ್ದು.

ಕೂಗಿಕೊಳ್ಳುವುದಕ್ಕೆ ಕಾರಣವಿತ್ತು. ಅಂಗಡಿಯ ಕೋಣೆ ಬಾಡಿಗೆಯದು. ಕಟ್ಟಡದ ಒಡತಿ, ಬೀದಿಯವರೆಲ್ಲ 'ದೊಡ್ಡಮ್ಮ' ಎನ್ನುವ ಮುದುಕಿ, ಅದನ್ನು ಮಾರುವುದಾಗಿ ಹೇಳಿದ್ದರು. "ಮೊದಲು ನಿನಗೇ ಕೇಳ್ತಿದ್ದೀನಿ. ಮಂಗಳವಾರ ಸಾಯಂಕಾಲದೊಳಗೆ ಹೇಳು. ಆಗಲ್ಲ ಅಂದ್ರೆ ಪಕ್ಕದ ಔಷಧಿ ಅಂಗಡಿಯೋರು ಕಾಯ್ತಿದ್ದಾರೆ" ಎಂದಿದ್ದರು. ಅದನ್ನು ಕೊಳ್ಳುವುದಕ್ಕೆಂದೇ ಚಾಳೀಸಿನವರು ಬ್ಯಾಂಕಿನಲ್ಲಿ ಸಾಲ ಕೇಳಿದ್ದರು. ಅಪ್ಪ ಕೂತು ಸವೆಸಿದ ಸ್ಟೂಲು ಇನ್ನೂ ಅಂಗಡಿಯ ಮೂಲೆಯಲ್ಲೇ ಇತ್ತು. ಅಲ್ಲಿ ಮಾತ್ರೆಯ ಪೆಟ್ಟಿಗೆಗಳು ಬಂದು ಕೂರುವುದನ್ನು ನೆನೆದಾಗಲೆಲ್ಲ ಚಾಳೀಸಿನವರು ಎದ್ದು ಹೋಗಿ ಸ್ಟೂಲಿನ ಧೂಳು ಒರೆಸುತ್ತಿದ್ದರು.

"ಅಜ್ಜನ್ನ ಎಲ್ಲಿಟ್ಟಿದ್ದೀರಿ? ಹೋಗಿ ತಗೊಂಡ್ಬನ್ನಿ" ಎಂದಳು ಮಡದಿ, ಏನೂ ಅರಿಯದೆ.

ಚಾಳೀಸಿನವರು ಬಾಯಿ ಮುಕ್ಕಳಿಸುವುದನ್ನೂ ಮರೆತು ಅಂಗಡಿಗೆ ಓಡಿದರು.

ಅಷ್ಟರಲ್ಲಿ ಮೇಷ್ಟ್ರು ಮೆಟ್ಟಿಲಿಳಿಯುತ್ತಲೇ ಲೆಕ್ಕ ಹಾಕಿದ್ದರು. ಅವರು ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಬೀದಿಯಲ್ಲಿ ಯಾರು ಬಂದರು, ಯಾರು ಹೋದರು ಎಂದು ದಿನವೂ ಹಾಜರಿ ತೆಗೆದುಕೊಳ್ಳುವುದನ್ನು ಬಿಟ್ಟಿರಲಿಲ್ಲ. 'ಇವನಿಗೇ ಐವತ್ತು ದಾಟಿತು. ಇವನಪ್ಪ ಮೊದಲೇ ಹೋದರು. ಹಾಗಾದರೆ ಇದು ತಾಯಿಯ ತಂದೆಯೇ ಇರಬೇಕು. ನೂರಕ್ಕೆ ಕಡಿಮೆ ಇರಲು ಸಾಧ್ಯವೇ ಇಲ್ಲ!' ಎಂದು ಅವರ ಎದೆ ತುಂಬಿ ಬಂತು. ಮೆಟ್ಟಿಲ ಬುಡದಲ್ಲಿ ನೂರಾಗಿದ್ದ ಅಜ್ಜ ಹಾಲಿನಂಗಡಿಗೆ ಬರುವಾಗ ನೂರನಾಲ್ಕಾದ. ಕ್ಷೌರದಂಗಡಿಯಲ್ಲಿ ನೂರಹತ್ತಾಗಿ, ಬಾಯಿತುಂಬ ಸ್ವಂತ ಹಲ್ಲು ಪಡೆದ. ಇಸ್ತ್ರಿಯವನ ಬಾಯಿಗೆ ಬೀಳುವ ಹೊತ್ತಿಗೆ, ಮೊಮ್ಮಗ ಕನ್ನಡಕ ಮಾರಿದರೂ ತಾನು ಮಾತ್ರ ಕೊನೆಯವರೆಗೆ ಕನ್ನಡಕವಿಲ್ಲದೆ ಪುರಾಣ ಓದಿದ ಮಹಾನುಭಾವನಾಗಿದ್ದ. ಕೇಳಿದವರೆಲ್ಲ ಒಂದು ಕ್ಷಣ ಕೈಯಲ್ಲಿದ್ದ ಕೆಲಸ ಬಿಟ್ಟು ಆಕಾಶ ನೋಡಿದರು. ಅಷ್ಟು ದೀರ್ಘ ಕಾಲ ಭೂಮಿಯ ಮೇಲೆ ಇದ್ದು, ಯಾರಿಗೂ ತೊಂದರೆ ಕೊಡದೆ, ಪಕ್ಕದಲ್ಲಿದ್ದವರಿಗೂ ತಾನಿದ್ದೇನೆ ಎಂದು ತಿಳಿಸದೆ ಹೋದ ಜೀವ!

ಬೀಗದ ಕೈ ಮರೆತು, ಅರ್ಧ ದಾರಿಯಿಂದ ಮತ್ತೆ ಮನೆಗೆ ಹೋಗಿ ಚಾಳೀಸಿನವರು ಬಂದಾಗ ಅಂಗಡಿಯ ಮುಂದೆ ಜನ ಸೇರಿದ್ದರು. ಪಕ್ಕದ ಗಡಿಯಾರ ರಿಪೇರಿಯವನು, ಬೀದಿಯವರ ಬಾಯಲ್ಲಿ ಟಿಕ್‌ಟಿಕ್, 'ಹಿರಿಯರ ನಿಧನದ ಪ್ರಯುಕ್ತ ರಜೆ' ಎಂದು ರಟ್ಟಿನ ಮೇಲೆ ಬರೆದು ಬಾಗಿಲಿಗೆ ತೂಗುಹಾಕಿದ್ದ. ಬಾಗಿಲ ಮೇಲೆ ಅಂಗಡಿಯ ಫಲಕವಾಗಿ ನಿಲ್ಲಿಸಿದ್ದ ಮರದ ದೊಡ್ಡ ಕನ್ನಡಕಕ್ಕೆ ಯಾರೋ ಹೂಮಾಲೆ ಹಾಕಿದ್ದರು; ತೀರಿಕೊಂಡದ್ದು ಕನ್ನಡಕವೇ ಎನ್ನುವ ಹಾಗಿತ್ತು.

"ಯಾವಾಗ ಆಯ್ತು?" ಎಂದು ಕ್ಷೌರದವನು ಮೆಲ್ಲಗೆ ಕೇಳಿದ.

"ಹೋದ ವಾರ" ಎಂದರು ಚಾಳೀಸಿನವರು, ಏದುಸಿರು ಬಿಡುತ್ತ.

"ಹೋದ ವಾರವೇ! ಹೇಳ್ಲೇ ಇಲ್ವಲ್ಲ ಸ್ವಾಮಿ!"

"ಎಷ್ಟು ದೊಡ್ಡದು ಹೋಯ್ತು ಅಂತ ನನಗೇ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ."

ಗುಂಪಿನಲ್ಲಿ ನಿಟ್ಟುಸಿರು ಎದ್ದಿತು. ಇಸ್ತ್ರಿಯವನು ಕಣ್ಣೊರೆಸಿಕೊಂಡ.

"ಏನಾಗಿತ್ತು? ಕಾಯಿಲೆಯೇ?"

"ಏನೂ ಇಲ್ಲ. ಚೆನ್ನಾಗೇ ಇತ್ತು. ನಾನೇ ಫೋನ್ ಮಾಡಿ ಮುಗಿಸಿಬಿಟ್ಟೆ."

ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಟಿಕ್‌ಟಿಕ್ ಅವರ ರಟ್ಟೆ ಹಿಡಿದು ಒಳಗೆಳೆದುಕೊಂಡ. ಮೇಷ್ಟ್ರೂ ಹಿಂದೆಯೇ ನುಗ್ಗಿ ಬಾಗಿಲು ಮುಂದೆ ಮಾಡಿದರು. ಚಾಳೀಸಿನವರು ಮೇಜಿನ ಕಾಲ ಕಡೆ ಬೆರಳು ತೋರಿಸಿ ನಡೆದದ್ದನ್ನೆಲ್ಲ ಹೇಳಿದರು. ಬಾಗಿ ನೋಡಿದ ಟಿಕ್‌ಟಿಕ್‌ಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದಂತೆ ಮಾಡಿದ.

"ನಗಬೇಡ!" ಎಂದರು ಮೇಷ್ಟ್ರು. ಅವರ ಮುಖ ಸುಣ್ಣದಂತಾಗಿತ್ತು. "ಇಡೀ ಬೀದಿಗೆ ನಾನೇ ಹೇಳಿದ್ದೀನಿ. ನೂರು ವರ್ಷ ಬಾಳಿದ ಜೀವ ಅಂತ ಎರಡು ಮಾತೂ ಆಡಿದ್ದೀನಿ. ಈಗ ಹೋಗಿ ಅದು ಪ್ಲಾಸ್ಟಿಕ್ಕು ಅಂತ ಹೇಳ್ಲಾ? ನೋಡಪ್ಪ, ಇವತ್ತೊಂದು ದಿನ ಅವನು ಮನುಷ್ಯನಾಗೇ ಸತ್ತಿರ್ಲಿ."

"ಮೇಷ್ಟ್ರೇ, ನನ್ನ ಚಿಂತೆ ಅದಲ್ಲ. ನಾಲ್ಕು ಗಂಟೆಗೆ ಬ್ಯಾಂಕಿಗೆ ಹೋಗ್ಬೇಕು. ಒಂದು ಸಲಾನೂ ಉಪಯೋಗಿಸದ ಕಾರ್ಡು ನನ್ನ ಬಲ ಹೇಗಾಯ್ತು? ಅದು ಏನು ಮಾಡಿತ್ತು?"

ಪ್ರಶ್ನೆ ಕೇಳಿದೊಡನೆ ಮೇಷ್ಟ್ರಿಗೆ ಜೀವ ಬಂತು. ಗಂಟಲು ಸರಿಮಾಡಿಕೊಂಡರು.

"ಏನೂ ಮಾಡಿರ್ಲಿಲ್ಲ. ಅದೇ ಅದರ ದೊಡ್ಡತನ. ಸಾಲ ಕೊಡೋರು ನಿನ್ನ ಮುಖ ನೋಡಲ್ಲ, ನಿನ್ನ ಖಾತೆಗಳ ವಯಸ್ಸು ನೋಡ್ತಾರೆ. ಎಷ್ಟು ವರ್ಷದಿಂದ ಮಾತು ಉಳಿಸ್ಕೊಂಡು ಬಂದಿದ್ದಾನೆ ಅಂತ. ಅಜ್ಜನಿಗೆ ಇಪ್ಪತ್ತೆರಡು, ಮೊಮ್ಮಗನಿಗೆ ನಾಲ್ಕು. ಇಬ್ಬರ ಸರಾಸರಿ ಹದಿಮೂರು. ಮೀಸೆ ಚಿಗುರೋ ವಯಸ್ಸು, ನಂಬಬಹುದು. ಅಜ್ಜ ಹೋದ; ಉಳಿದದ್ದು ನಾಲ್ಕು ವರ್ಷದ ಮಗು. ಮಗುವಿನ ಕೈಗೆ ಯಾರಪ್ಪ ಅಂಗಡಿ ಕೊಳ್ಳೋ ದುಡ್ಡು ಕೊಡ್ತಾರೆ?"

ಚಾಳೀಸಿನವರು ಮೂಲೆಯ ಸ್ಟೂಲಿನ ಕಡೆ ನೋಡಿದರು. ಕಣ್ಣು ಮಂಜಾದ ಮೇಲೆ ಅಪ್ಪ ಎಂಟು ವರ್ಷ ಅದರ ಮೇಲೆ ಸುಮ್ಮನೆ ಕೂತಿದ್ದರು. ಒಂದು ಗಾಜು ಉಜ್ಜಲಿಲ್ಲ, ಒಂದು ತಿರುಪು ಬಿಗಿಯಲಿಲ್ಲ. ಬಂದವರಿಗೆ 'ಬನ್ನಿ' ಎನ್ನುತ್ತಿದ್ದರು, ಅಷ್ಟೇ. ಅವರು ಹೋದ ಮರುತಿಂಗಳು ಹಳೆಯ ಗಿರಾಕಿಗಳು ಬಾಗಿಲವರೆಗೆ ಬಂದು, ಮೂಲೆಯ ಕಡೆ ಕಣ್ಣು ಹಾಯಿಸಿ, ಏನೋ ಮರೆತವರಂತೆ ವಾಪಸು ಹೋಗುತ್ತಿದ್ದುದು ಈಗ ನೆನಪಾಯಿತು. ಸುಮ್ಮನೆ ಇರುವುದೂ ಒಂದು ಭಾರ ಹೊರುವ ಕೆಲಸವೇ! ಕತ್ತಲೆಯ ಡಬ್ಬಿಯಲ್ಲಿ ಇಪ್ಪತ್ತೆರಡು ವರ್ಷ ಮಲಗಿ, ಮಲಗಿದಲ್ಲಿಂದಲೇ ತಮ್ಮ ಹೆಸರನ್ನು ಹಿಡಿದೆತ್ತಿದ್ದ ಆ ಅಂಗೈಯಗಲದ ವಸ್ತುವನ್ನು ನೆನೆದು ಅವರ ಮೈ ಝುಮ್ಮೆಂದಿತು.

"ಹಾಗಾದ್ರೆ ಗತಿ?" ಎಂದರು.

"ಗತಿ ಇದೆ" ಎಂದರು ಮೇಷ್ಟ್ರು. "ಹಿರಿಯರು ಹೋದಾಗ ಹೊರೋದಕ್ಕೆ ನಾಲ್ಕು ಹೆಗಲು ಬೇಕು. ಮೊಮ್ಮಗ ಒಬ್ಬ ಇದ್ದಾನೆ. ಇನ್ನು ಮೂರು ಸೇರಿಸು. ಒಬ್ಬ ಅಜ್ಜನ ಭಾರ ನಾಲ್ಕು ಜನ ಚಿಕ್ಕವರು ಹಂಚ್ಕೋತಾರೆ."

ಕೇಳುವುದಕ್ಕೆ ಅದು ಎಷ್ಟು ಸರಿಯಾಗಿತ್ತೆಂದರೆ, ಮೂವರೂ ಸ್ವಲ್ಪ ಹೊತ್ತು ತಲೆದೂಗಿದರು. ಟಿಕ್‌ಟಿಕ್ ತನ್ನ ಸ್ಕೂಟರಿನ ಕೀಲಿ ತೆಗೆದ.

ದೊಡ್ಡ ರಸ್ತೆಯ ಮೂರು ಮಹಡಿಯ ಮಳಿಗೆಯಲ್ಲಿ, ಚಲಿಸುವ ಮೆಟ್ಟಿಲಿನ ಪಕ್ಕ, ಕಾರ್ಡು ಕೊಡುವವರ ಮೂರು ಮೇಜುಗಳು ಸಾಲಾಗಿ ಇದ್ದವು. ಮೊದಲನೆಯದರ ಹಿಂದೆ ಟೈ ಕಟ್ಟಿಕೊಂಡ ಹುಡುಗಿ ನಿಂತಿದ್ದಳು.

"ಬನ್ನಿ ಸಾರ್, ಹೊಸ ಕಾರ್ಡು, ಅರ್ಧ ಗಂಟೇಲಿ ಕೊಡ್ತೀವಿ."

"ಹೊಸದು ಬೇಡಮ್ಮ" ಎಂದರು ಚಾಳೀಸಿನವರು ವಿನಯದಿಂದ. "ಹಳೇದು ಯಾವುದಾದ್ರೂ ಇದೆಯಾ? ಒಂದಿಪ್ಪತ್ತು ವರ್ಷದ್ದು?"

"ಸಾರ್?"

"ಯಾರಾದ್ರೂ ಬಿಟ್ಟುಹೋಗಿರೋದು ಇದ್ರೂ ನಡೆಯುತ್ತೆ. ಚೆನ್ನಾಗಿ ನೋಡ್ಕೋತೀನಿ."

ಹುಡುಗಿ ಪಕ್ಕದ ಮೇಜಿನವನ ಮುಖ ನೋಡಿದಳು. ಟಿಕ್‌ಟಿಕ್ ಮುಂದೆ ಬಾಗಿ ದನಿ ತಗ್ಗಿಸಿ, "ಇಲ್ದಿದ್ರೆ ಹೊಸದನ್ನೇ ಕೊಡಿ, ತಾರೀಖು ಮಾತ್ರ ಸ್ವಲ್ಪ ಹಿಂದೆ ತಿರುಗಿಸಿ. ನಾನು ದಿನಾ ಅಂಗಡೀಲಿ ಮಾಡ್ತೀನಿ, ಏನೂ ಕಷ್ಟ ಇಲ್ಲ, ಒಂದು ಚಿಕ್ಕ ತಿರುಪು ಇರುತ್ತೆ" ಎಂದ.

"ಅಂಕಲ್, ಇದು ವಾಚಲ್ಲ."

"ಎಲ್ಲಾದ್ರಲ್ಲೂ ಒಂದು ತಿರುಪು ಇರುತ್ತಮ್ಮ. ಹುಡುಕ್ಬೇಕು."

ತಿರುಪು ಸಿಗಲಿಲ್ಲ. ಕೊನೆಗೆ ಚಾಳೀಸಿನವರು, "ಆಗ್ಲಿ, ಎಳೇದನ್ನೇ ಕೊಡಿ" ಎಂದು ಒಪ್ಪಿದರು. ಆಗ ಇನ್ನೊಂದು ತೊಂದರೆ ಎದುರಾಯಿತು. ಅವಸರದಲ್ಲಿ ಅವರು ತಮ್ಮ ಕನ್ನಡಕವನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದರು. ಊರಿಗೆಲ್ಲ ಕಣ್ಣು ಕೊಟ್ಟವರ ಎದುರಿಗೆ ಸಣ್ಣ ಅಕ್ಷರಗಳು ಇರುವೆ ಸಾಲಿನಂತೆ ಹರಿದಾಡಿದವು.

"ಏನು ಬರೆದಿದೆ ಇದ್ರಲ್ಲಿ?"

"ಎಲ್ಲಾ ಮಾಮೂಲಿನೇ ಸಾರ್. ಇಲ್ಲಿ ಸಹಿ ಮಾಡಿ. ಇಲ್ಲೊಂದು. ಇಲ್ಲೂ ಒಂದು."

ಬೆರಳು ತೋರಿಸಿದಲ್ಲೆಲ್ಲ ಸಹಿ ಹಾಕಿದರು. ಎರಡನೆಯ ಮೇಜಿನಲ್ಲಿ ಸಹಿಯ ಜೊತೆಗೆ ಒಂದು ನೀರಿನ ಬಾಟಲಿ ಕೊಟ್ಟರು. ಮೂರನೆಯದರಲ್ಲಿ ಕೊಡೆ ಕೊಟ್ಟರು. ಮೂರು ಕಡೆಯವರೂ ಕಂಪ್ಯೂಟರಿನಲ್ಲಿ ಅವರ ಸ್ಕೋರನ್ನು ತೆಗೆದು ನೋಡಿ, "ಅಬ್ಬಾ, ಎಂಥಾ ಸ್ಕೋರು ಸಾರ್ ನಿಮ್ದು!" ಎಂದು ಬೆರಗಾದರು. ಅಷ್ಟು ಒಳ್ಳೆಯ ಸ್ಕೋರು ಇನ್ನೂ ಅಲ್ಲಿ ಹೇಗೆ ಉಳಿದಿತ್ತು ಎಂದು ಚಾಳೀಸಿನವರಿಗೂ ಹೊಳೆಯಲಿಲ್ಲ, ಟಿಕ್‌ಟಿಕ್‌ಗೂ ಹೊಳೆಯಲಿಲ್ಲ. ಅವನು ಕೊಡೆ ಬಿಚ್ಚಿ ನೋಡುವುದರಲ್ಲಿದ್ದ.

ಬ್ಯಾಂಕಿನ ಬಾಗಿಲಲ್ಲಿ ಮಡದಿ ಕಾಯುತ್ತಿದ್ದಳು. ಗಂಡನ ಕನ್ನಡಕ ತಂದಿದ್ದಳು. ಮೇಷ್ಟ್ರು ಬಂದು ಹೇಳಿ ಅವಳಿಗೆ ಅಷ್ಟರಲ್ಲಿ ಎಲ್ಲ ತಿಳಿದಿತ್ತು. ಮಧ್ಯಾಹ್ನವೆಲ್ಲ ಮನೆಗೆ ಬಂದವರಿಗೆ ಚಹಾ ಮಾಡಿ ಮಾಡಿ ಅವಳ ಕೈ ಸೋತಿತ್ತು.

"ಬೀದಿಯೋರೆಲ್ಲ ಬಂದು ನಿಮ್ಮಜ್ಜನ ಗುಣಗಾನ ಮಾಡಿ ಹೋದ್ರು. ನೂರಹದಿನೆಂಟಂತೆ. ಕೊನೇವರೆಗೂ ಈಜ್ತಿದ್ರಂತೆ. ನಾನು ಹೂಂ ಅಂದೆ, ಇನ್ನೇನು ಮಾಡ್ಲಿ?" ಎಂದು ಅವಳು ಅವರ ಕೈಯಲ್ಲಿದ್ದ ಬಾಟಲಿಯನ್ನೂ ಕೊಡೆಯನ್ನೂ ನೋಡಿದಳು. "ಇದೇನು?"

"ಹೆಗಲು ಸೇರಿಸ್ಕೊಂಡು ಬಂದೆ" ಎಂದರು ಚಾಳೀಸಿನವರು.

ಸಾಲದ ಮೇಡಂ ಚಿಕ್ಕ ವಯಸ್ಸಿನವರು. ನಗುಮುಖದಿಂದಲೇ ಕಂಪ್ಯೂಟರು ತೆರೆದರು. ತೆರೆದ ಮೇಲೆ ನಗು ನಿಧಾನವಾಗಿ ಆರುತ್ತ ಬಂತು.

"ಮೇಡಂ, ಮೊದಲೇ ಹೇಳ್ಬಿಡ್ತೀನಿ" ಎಂದರು ಚಾಳೀಸಿನವರು ಎದೆ ಗಟ್ಟಿಮಾಡಿಕೊಂಡು. "ಅಜ್ಜ ಇಲ್ಲ. ಹೋದ ವಾರ ಆ ಹಳೇ ಖಾತೆ ನಾನೇ ಮುಚ್ಚಿಸಿಬಿಟ್ಟೆ."

"ನೋಡಿದೆ ಸಾರ್. ಮುಚ್ಚದೇ ಇದ್ದಿದ್ರೆ ಇನ್ನೂ ಚೆನ್ನಾಗಿತ್ತು. ಆದ್ರೆ ಅದ್ರಿಂದ ಈಗ ಏನೂ ತೊಂದರೆ ಇಲ್ಲ."

"ಅಂದ್ರೆ?"

"ಒಳ್ಳೇ ಹೆಸರಿಟ್ಟುಕೊಂಡು ಮುಚ್ಚಿದ ಖಾತೆ ತಕ್ಷಣ ಅಳಿಸಿಹೋಗಲ್ಲ. ಇನ್ನೂ ಕೆಲವು ವರ್ಷ ವರದಿಯಲ್ಲಿ ಇದ್ದೇ ಇರುತ್ತೆ. ನಾವು ಅದರ ವಯಸ್ಸನ್ನೂ ಹಿಡಿದೇ ನೋಡೋದು. ನಿಮ್ಮ ಹಳೇದು ಇಲ್ಲೇ ಇದೆ, ನೋಡಿ."

ಅವರು ಪರದೆಯನ್ನು ತಿರುಗಿಸಿದರು. ಚಾಳೀಸಿನವರು ಕನ್ನಡಕ ಏರಿಸಿಕೊಂಡು ಬಾಗಿದರು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಅಜ್ಜ ಕೂತಿದ್ದ. ಇಪ್ಪತ್ತೆರಡು ವರ್ಷ, ಒಂದು ತಿಂಗಳೂ ತಪ್ಪಿಲ್ಲ, ಒಂದು ಕಪ್ಪುಚುಕ್ಕೆಯಿಲ್ಲ. ಕತ್ತರಿಸಿದರು, ಮೇಜಿನ ಕಾಲಡಿಗೆ ಹಾಕಿದರು. ಆದರೂ ಅವನು ಕೋಪಿಸಿಕೊಳ್ಳದೆ ಇವತ್ತು ಬೆಳಿಗ್ಗೆಯವರೆಗೆ ಅವರ ಹೆಸರನ್ನು ಹೊತ್ತೇ ಇದ್ದ. ಸತ್ತ ಮೇಲೂ ಕಾಯುವುದೆಂದರೆ ಇದೇ ಅಲ್ಲವೇ! ಚಾಳೀಸಿನವರಿಗೆ ತಿಳಿಯದೆಯೇ ಅವರ ಕೈಗಳು ಪರದೆಯ ಎದುರು ಕೂಡಿಕೊಂಡವು.

"ತೊಂದರೆ ಅವರಿಂದಲ್ಲ ಸಾರ್" ಎಂದರು ಮೇಡಂ, ಕೆಳಗಿನ ಸಾಲು ತೋರಿಸುತ್ತ. "ಇವತ್ತು ಮಧ್ಯಾಹ್ನ ಊಟದ ಹೊತ್ತಿನಿಂದ ಈಚೆಗೆ ಮೂರು ಕಡೆಯೋರು ನಿಮ್ಮ ವರದಿ ತೆಗೆಸಿ ನೋಡಿದ್ದಾರೆ. ಮೂರು ಹೊಸ ಕಾರ್ಡು ತಗೊಂಡ್ರಾ? ಇವತ್ತೇ?"

"ಅಜ್ಜನ ಜಾಗಕ್ಕೆ..."

"ಅಂಗಡಿಗೆ ಸಾಲ ಕೇಳೋ ದಿನವೇ ಇನ್ನೂ ಮೂರು ಕಡೆ ಕೈ ಚಾಚಿದ್ದಾರೆ ಅಂದ್ರೆ ನಮ್ಮ ಮೇಲಿನೋರು ಏನಂದ್ಕೋತಾರೆ? ಸ್ಕೋರು ಇಳಿದಿದೆ. ಇನ್ನು ಈ ಮೂರೂ ವರದಿಗೆ ಸೇರಿದ್ರೆ ಖಾತೆಗಳ ಸರಾಸರಿ ವಯಸ್ಸು ಹದಿಮೂರರಿಂದ ಐದಕ್ಕೆ ಬರುತ್ತೆ."

"ಮೂರು ಹೆಗಲು ಸೇರಿಸಿದ್ರೆ ಇಳಿಯೋದು ಹೇಗೆ?"

ಉತ್ತರ ಕೊಟ್ಟವಳು ಮಡದಿ. "ಇವತ್ತು ಹುಟ್ಟಿದ ಕೂಸಿನ ವಯಸ್ಸು ಎಷ್ಟು ರೀ? ಸೊನ್ನೆ. ಮೂರು ಸೊನ್ನೆ ಸೇರಿಸಿ ಐದು ಜನಕ್ಕೆ ಹಂಚಿದ್ರೆ ಏರುತ್ತಾ, ಇಳಿಯುತ್ತಾ? ಆ ಮೇಷ್ಟ್ರು ಅದೇನು ಲೆಕ್ಕ ಹೇಳಿಕೊಟ್ರೋ!"

ಮೇಡಂ ಬಹಳ ಮೃದುವಾಗಿ ಕಡತ ಮುಚ್ಚಿದರು. "ಆರು ತಿಂಗಳು ಬಿಟ್ಟು ಬನ್ನಿ ಸಾರ್. ಅಲ್ಲಿವರೆಗೆ ಏನೂ ಮಾಡ್ಬೇಡಿ. ದಯವಿಟ್ಟು ಸುಮ್ನೆ ಇರಿ."

ಸುಮ್ಮನೆ ಇರುವುದು! ಅಜ್ಜನಿಗೆ ಬರುತ್ತಿದ್ದ, ಅವರಿಗೆ ಬಾರದ ವಿದ್ಯೆ ಅದೊಂದೇ.

ದಾರಿಯಲ್ಲಿ ಮಡದಿ ಹೊಸ ಕಾರ್ಡುಗಳ ಜೊತೆಗಿದ್ದ ಚೀಟಿಗಳನ್ನು ಓದಿ ನೋಡಿದಳು. ಮೂರಕ್ಕೂ ವರ್ಷದ ಶುಲ್ಕವಿತ್ತು. ಒಂದೊಂದೂ ಅಜ್ಜನದಕ್ಕಿಂತ ಹೆಚ್ಚು. ಅವಳು ಚೀಟಿಗಳನ್ನು ಗಂಡನ ಜೇಬಿಗೆ ತುರುಕಿದಳು.

ಅಂಗಡಿಗೆ ಬಂದಾಗ ಬಾಗಿಲು ತೆರೆದಿತ್ತು. ಒಳಗೆ, ಅಪ್ಪನ ಸ್ಟೂಲಿನ ಮೇಲೆ, ಕಟ್ಟಡದ ದೊಡ್ಡಮ್ಮ ಕೋಲೂರಿಕೊಂಡು ಕೂತಿದ್ದರು. ಪಕ್ಕದಲ್ಲಿ ಮೇಷ್ಟ್ರು ತಲೆತಗ್ಗಿಸಿ ನಿಂತಿದ್ದರು. ಚಾಳೀಸಿನವರು ಕೈಯಲ್ಲಿದ್ದ ಕೊಡೆಯನ್ನು ಮೂಲೆಗೊರಗಿಸಿ ನಿಂತರು. ಉತ್ತರ ಕೇಳಲು ಬಂದಿದ್ದಾರೆ!

"ಬಾ ಮಗಾ" ಎಂದರು ದೊಡ್ಡಮ್ಮ, ಒದ್ದೆ ಕಣ್ಣಿನಿಂದ. "ಈಗ ತಾನೇ ತಿಳೀತು. ನೂರಿಪ್ಪತ್ತು ವರ್ಷದ ಜೀವ ಅಂತೆ. ಅಷ್ಟು ವಯಸ್ಸಿನೋರನ್ನ ಮನೇಲಿಟ್ಟುಕೊಂಡು ಸಾಕಿದ್ದೀರಲ್ಲ, ನಿಮ್ಮಂಥೋರು ಈ ಕಾಲದಲ್ಲಿ ಎಲ್ಲಿದ್ದಾರೆ? ನನ್ನ ಮಕ್ಕಳಿಗೆ ನನ್ನ ಎಪ್ಪತ್ತೆಂಟೇ ಭಾರವಾಗಿದೆ. ಹಳೇ ಕಟ್ಟಡ ಇಟ್ಕೊಂಡು ಏನ್ಮಾಡ್ತೀಯ ಮಾರು ಮಾರು ಅಂತ ಕಿವಿ ಕಚ್ತಾರೆ, ಅದಕ್ಕೇ ಹೊರಟಿದ್ದು. ಸಾವಾದ ಮನೇಲಿ ನಾನು ವ್ಯಾಪಾರದ ಮಾತು ಎತ್ತಲ್ಲ. ಆರು ತಿಂಗಳು ಹೋಗ್ಲಿ. ಆಮೇಲೆ ನೋಡೋಣ."

ಆರು ತಿಂಗಳು! ಬ್ಯಾಂಕು ಕೇಳಿದ್ದೂ ಅಷ್ಟೇ. ಮೇಷ್ಟ್ರು ತಲೆಯೆತ್ತಿ ಕಣ್ಣಲ್ಲೇ 'ಹೂಂ ಅನ್ನು' ಎಂದು ಸನ್ನೆ ಮಾಡಿದರು. ಮಡದಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಉಸಿರು ಹಿಡಿದು ನಿಂತಳು. ಬರೀ ಸುಮ್ಮನಿದ್ದರೆ ಸಾಕಿತ್ತು.

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿ ಕೇಳಿದರು: "ಹಿರಿಯರನ್ನ ಎಲ್ಲಿ ಮಣ್ಣು ಮಾಡಿದ್ರಿ? ಒಂದು ಹೂವಾದ್ರೂ ಇಟ್ಟು ಬರ್ತೀನಿ."

ಚಾಳೀಸಿನವರು ಬಾಯಿ ತೆರೆದರು. ಕಣ್ಣು ಸ್ಟೂಲಿನ ಮೇಲೆ ಬಿತ್ತು. ಅಪ್ಪ ಆ ಜಾಗದಲ್ಲಿ ಕೂತಿದ್ದಷ್ಟು ದಿನ ಆ ಅಂಗಡಿಯಲ್ಲಿ ಒಬ್ಬರಿಗೂ ಸುಳ್ಳು ನಂಬರಿನ ಗಾಜು ಹಾಕಿ ಕಳಿಸಿದ್ದಿಲ್ಲ. ದೇವರಿಗೆ ಹೆದರುವ ಮನುಷ್ಯನ ಬಾಯಲ್ಲಿ ಸುಳ್ಳು ಹೊರಳಲಿಲ್ಲ. ಅವರು ನಿಧಾನವಾಗಿ ಬೆರಳೆತ್ತಿ ತೋರಿಸಿದರು.

"ಅಲ್ಲಿ, ದೊಡ್ಡಮ್ಮ. ಮೇಜಿನ ಕಾಲ ಕೆಳಗೆ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ಎಲ್ಲ ಹೇಳಿ ಮುಗಿಯುವವರೆಗೆ ದೊಡ್ಡಮ್ಮ ಕೋಲೂರಿಕೊಂಡು ಕೇಳಿದರು. ನಗುತ್ತಾರೆಂದು ಚಾಳೀಸಿನವರು ಕಾದರು. ಬೈಯುತ್ತಾರೆಂದು ಮಡದಿ ಕಾದಳು. ದೊಡ್ಡಮ್ಮ ಕೋಲಿನ ತುದಿಯಿಂದ ಮೇಜಿನ ಕಾಲನ್ನು ಮೆಲ್ಲಗೆ ತಟ್ಟಿದರು.

"ಹಾಗಾದ್ರೆ, ಇಪ್ಪತ್ತೆರಡು ವರ್ಷ ನಿನ್ನ ಬೆನ್ನಿಗೆ ನಿಂತದ್ದನ್ನ, ಕೂತಲ್ಲೇ ಕೂತಿರುತ್ತೆ, ವರ್ಷಕ್ಕೊಂದು ಸಲ ಖರ್ಚು ಕೇಳುತ್ತೆ ಅಂತ ಎರಡು ಹೋಳು ಮಾಡಿ ಕಾಲಡಿ ಹಾಕ್ದೆ."

"ತಪ್ಪಾಯ್ತು ದೊಡ್ಡಮ್ಮ."

"ನನ್ನ ಮಕ್ಕಳು ಹೇಳೋದೂ ಇದೇ ಮಾತು ಕಣಪ್ಪ. ಕೂತಲ್ಲೇ ಕೂತಿರ್ತಾಳೆ, ಖರ್ಚು ಕೇಳ್ತಾಳೆ." ಅವರು ಎದ್ದು ನಿಂತರು. "ಹಳೇದರ ಬೆಲೆ 'ಹೋಯ್ತು' ಅಂದಾಗಷ್ಟೇ ಗೊತ್ತಾಗೋರಿಗೆ ನಾನು ಈ ಕೋಣೆ ಮಾರಲ್ಲ. ನಿನಗೂ ಇಲ್ಲ, ಔಷಧಿಯೋನಿಗೂ ಇಲ್ಲ. ನಾನಿರೋವರೆಗೂ ಇದು ನನ್ನದೇ."

"ಹಾಗಾದ್ರೆ ನಾನು ಜಾಗ ಖಾಲಿ ಮಾಡ್ಬೇಕಾ?" ಎಂದು ಕೇಳಿದರು ಚಾಳೀಸಿನವರು.

"ಯಾಕೆ? ನಿಮ್ಮಪ್ಪನ ಕಾಲದಿಂದ ಇದ್ದೀಯ. ನನ್ನ ಬಾಡಿಗೆದಾರರಲ್ಲಿ ನಿನ್ನಷ್ಟು ಹಳಬ ಇನ್ನೊಬ್ಬನಿಲ್ಲ. ಹಳೇ ಖಾತೆ ಮುಚ್ಚೋಕೆ ನಾನೇನು ನೀನಾ?" ಎಂದು ದೊಡ್ಡಮ್ಮ ಬಾಗಿಲವರೆಗೆ ನಡೆದು ತಿರುಗಿ ನಿಂತರು. "ಮುಂದಿನ ತಿಂಗಳಿಂದ ಬಾಡಿಗೆ ಮಾತ್ರ ಸ್ವಲ್ಪ ಹೆಚ್ಚು. ವಯಸ್ಸಾದಷ್ಟೂ ಬೆಲೆ ಏರ್ಬೇಕಲ್ಲಪ್ಪ, ನಿಮ್ಮ ಬ್ಯಾಂಕಿನೋರ ಲೆಕ್ಕದಲ್ಲಿ."

ಹೋಗುವಾಗ ಅವರು ಮೂಲೆಯಲ್ಲಿದ್ದ ಹೊಸ ಕೊಡೆಯನ್ನೂ ತೆಗೆದುಕೊಂಡು ಹೋದರು. ಯಾರೂ ತಡೆಯಲಿಲ್ಲ.

ಮೇಷ್ಟ್ರು, "ಸರಾಸರೀಲಿ ಒಂದು ಸಣ್ಣ ತಪ್ಪಾಯ್ತು ಅಂತ ಕಾಣುತ್ತೆ" ಎಂದು ಯಾರಿಗೂ ಕೇಳದಂತೆ ಹೇಳಿ ಜಾರಿಕೊಂಡರು.

ಚಾಳೀಸಿನವರು ಮೊಣಕಾಲೂರಿ ಕೂತು ಮೇಜನ್ನು ಸ್ವಲ್ಪ ಎತ್ತಿ, ಎರಡು ಹೋಳುಗಳನ್ನೂ ಹೊರಗೆ ತೆಗೆದರು. ಮೇಜು ಮತ್ತೆ ಕುಂಟತೊಡಗಿತು. ಜೇಬಿನಲ್ಲಿದ್ದ ಮೂರು ಶುಲ್ಕದ ಚೀಟಿಗಳನ್ನು ಮಡಿಸಿ ಅದರ ಕಾಲಡಿಗೆ ಇಟ್ಟರು. ಹೋಳುಗಳ ಮೇಲಿನ ಧೂಳನ್ನು ಗಾಜು ಒರೆಸುವ ಮೆತ್ತನೆಯ ಬಟ್ಟೆಯಿಂದ ಒರೆಸಿದರು. ಎರಡನ್ನೂ ಸೇರಿಸಿ ಹಿಡಿದಾಗ ಅವರ ಹೆಸರು ಮತ್ತೆ ಒಂದಾಯಿತು. ಮಡದಿ ಅಪ್ಪನ ಕನ್ನಡಕದ ಡಬ್ಬಿ ತೆರೆದು ಹಿಡಿದಳು. ಅದರಲ್ಲಿ ಅಪ್ಪನ ಕನ್ನಡಕದ ಒಂದು ಹಳೆಯ ಕಡ್ಡಿ ಇನ್ನೂ ಉಳಿದಿತ್ತು. ಅದರ ಪಕ್ಕದಲ್ಲೇ ಮಲಗಿಸಿ ಮುಚ್ಚಿ, ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟರು. ಹೊರಗೆ ಮರದ ಕನ್ನಡಕದ ಮೇಲಿದ್ದ ಹೂಮಾಲೆಯಿಂದ ಮಡದಿ ಒಂದು ಹೂವು ಕಿತ್ತು ತಂದು ಅದರ ಮೇಲಿಟ್ಟಳು. ಇಬ್ಬರೂ ಕೈಮುಗಿದು ನಿಂತರು.

"ಏನು ಬೇಡ್ಕೊಳ್ಳೋದು?" ಎಂದಳು ಮಡದಿ, ಪಿಸುದನಿಯಲ್ಲಿ.

ಚಾಳೀಸಿನವರಿಗೆ ನಗು ಬಂದಂತಾಯಿತು, ಅಳು ಬಂದಂತೆಯೂ ಆಯಿತು. ಕಣ್ಣು ಮುಚ್ಚಿ ಹೇಳಿದರು:

"ದೇವರೇ, ಇವತ್ತು ಹುಟ್ಟಿದ ಮೂರು ಕೂಸುಗಳಿಗೂ ದೀರ್ಘಾಯುಷ್ಯ ಕೊಡು, ಅವು ಬೇಗ ಬೇಗ ಮುದುಕರಾಗಲಿ. ನನಗೆ ಸುಮ್ಮನೆ ಕೂರುವ ಬುದ್ಧಿ ಕೊಡು. ಇಲ್ಲಿ ಸುಮ್ಮನೆ ಕೂತೇ ನಮ್ಮನ್ನು ಕಾಯ್ದವರಿಗೆ, ಸ್ಟೂಲಿನ ಮೇಲಿದ್ದವರಿಗೂ ಡಬ್ಬಿಯೊಳಗಿದ್ದವನಿಗೂ, ನಿನ್ನ ಪಾದದ ಹತ್ತಿರ ಯಾರೂ ಎಬ್ಬಿಸದಂಥ ಒಂದು ಜಾಗ ಕೊಟ್ಟು, ಶಾಂತಿಯಿಂದ ಇರಿಸು ತಂದೆ."